ಬಿಪಿ, ಶುಗರ್ ಜೊತೆಯಲ್ಲೇ ಎಚ್‌ಐವಿ: ಹಳ್ಳಿಯ ತಪಾಸಣೆಯಲ್ಲಿ ನಾವು ಕಂಡುಕೊಂಡ ಕ್ರಮ

ಎಚ್‌ಐವಿ ಪರೀಕ್ಷೆಗೆ ಬನ್ನಿ ಎಂದು ಡಂಗುರ ಸಾರಿದರೆ ಹಳ್ಳಿಯಲ್ಲಿ ಯಾರೂ ಬರುವುದಿಲ್ಲ. ಬಂದವರನ್ನು ಊರು ಬೇರೆ ಕಣ್ಣಿನಿಂದ ನೋಡುತ್ತದೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಒಂದು ಕಾಲಕ್ಕೆ ದೇಶದ ಹೆಚ್ಚು ಸೋಂಕಿನ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ಈ ಭಾಗದಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಆ ನೋಟ ಚೆನ್ನಾಗಿ ಗೊತ್ತು. ಅದೇ ಊರಿನಲ್ಲಿ ಬಿಪಿ, ಶುಗರ್ ನೋಡುತ್ತಾರೆ ಎಂದರೆ ಅಜ್ಜಂದಿರು, ಸೊಸೆಯಂದಿರು, ಗೋವಾ ಕಡೆ ಗುಳೆ ಹೋಗಿ ಬಂದವರು ಎಲ್ಲರೂ ಶಾಲೆಯ ಪಡಸಾಲೆಯಲ್ಲಿ ಬಂದು ಕೂರುತ್ತಾರೆ. ಹಾಗಿದ್ದ ಮೇಲೆ ಎರಡು ತಂಡಗಳು ಬೇರೆ ಬೇರೆ ದಿನ ಹೋಗಿ ಒಬ್ಬರ ಬೆರಳಿಗೇ ಎರಡು ಸಲ ಏಕೆ ಚುಚ್ಚಬೇಕು? ನಾವು ಒಂದೇ ದಿನ, ಒಂದೇ ಸಾಲು ಮಾಡಿಕೊಂಡೆವು.

ಆದರೆ ಶುಗರ್ ಪರೀಕ್ಷೆಯ ಮರೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡಿ ಮುಗಿಸುವುದಕ್ಕೆ ನಾನು ಒಪ್ಪುವುದಿಲ್ಲ. 2017ರ ಎಚ್‌ಐವಿ–ಏಡ್ಸ್ ಕಾಯ್ದೆ ತಿಳಿವಳಿಕೆಯ ಒಪ್ಪಿಗೆಯನ್ನು ಕಡ್ಡಾಯ ಮಾಡಿದೆ. ಕಾಯ್ದೆ ಇರದಿದ್ದರೂ ನಾನು ಕೇಳಿಯೇ ಮಾಡುತ್ತಿದ್ದೆ. "ಅವ್ವಾ, ಶುಗರ್ ನೋಡಲು ಬೆರಳಿಗೆ ಚುಚ್ಚುತ್ತೇವೆ. ನೀವು ಒಪ್ಪಿದರೆ ಅದೇ ರಕ್ತದಲ್ಲಿ ಎಚ್‌ಐವಿಯನ್ನೂ ನೋಡುತ್ತೇವೆ. ಬೇಡವೆಂದರೆ ಶುಗರ್ ಅಷ್ಟೇ." ಇಷ್ಟು ಹೇಳಿ ಸುಮ್ಮನಾಗಬೇಕು, ಅವರು ಯೋಚಿಸಲು ಬಿಡಬೇಕು. ಬೇಡವೆಂದವರ ಬಿಪಿ, ಶುಗರ್ ತಪಾಸಣೆಯಲ್ಲಿ ಎಳ್ಳಷ್ಟೂ ಕಡಿಮೆಯಾಗಬಾರದು. ಬೇಡ ಎಂದು ಎದ್ದು ಹೋದವರು ಮುಂದಿನ ಶಿಬಿರದಲ್ಲಿ ತಾವಾಗಿಯೇ ಬೆರಳು ನೀಡಿದ್ದನ್ನು ಕಂಡಿದ್ದೇನೆ.

ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಕೋಣೆಯ ವಿಷಯಕ್ಕೆ. ಸಾಲಿನಲ್ಲಿ ಕುಳಿತವರು ಒಳಗೆ ಹೋದವರು ಎಷ್ಟು ಹೊತ್ತಿಗೆ ಹೊರಗೆ ಬಂದರು ಎಂಬುದನ್ನು ಲೆಕ್ಕ ಹಾಕುತ್ತಿರುತ್ತಾರೆ. ಒಬ್ಬಾಕೆ ಐದು ನಿಮಿಷದಲ್ಲಿ ಬಂದು, ಇನ್ನೊಬ್ಬಾಕೆ ಅರ್ಧ ಗಂಟೆ ಕುಳಿತರೆ ಫಲಿತಾಂಶವನ್ನು ಬೀದಿಗೆ ಹೇಳಿದಂತೆಯೇ ಆಗುತ್ತದೆ. ಆದ್ದರಿಂದ ನಾವು ಎಲ್ಲರನ್ನೂ ಒಳಗೆ ಹೆಚ್ಚು ಕಡಿಮೆ ಸಮನಾದ ಹೊತ್ತು ಕೂರಿಸುತ್ತೇವೆ. ಎಚ್‌ಐವಿ ಪರೀಕ್ಷೆಯ ಕಿಟ್ಟಿನ ಫಲಿತಾಂಶಕ್ಕೆ ಕಾಯುವಾಗ ಟಾರ್ಚ್ ಹಾಕಿ ಬಾಯಿ ನೋಡುತ್ತೇವೆ. ಎಲೆ–ತಂಬಾಕು ಹಾಕುವ ನಮ್ಮ ಕಡೆ ಇದು ಬಹಳ ಮುಖ್ಯ. ಕೆಮ್ಮು ಎರಡು ವಾರ ಮೀರಿದೆಯೇ ಎಂದು ಕೇಳುತ್ತೇವೆ. ಬಿಪಿ ಹೆಚ್ಚಿರಲಿ, ಶುಗರ್ ಹೆಚ್ಚಿರಲಿ, ಎಚ್‌ಐವಿ ಕಿಟ್ಟಿನಲ್ಲಿ ಸೋಂಕು ಸೂಚಿಸುವ ಗೆರೆ ಮೂಡಿರಲಿ, ಕೈಗೆ ಕೊಡುವ ಚೀಟಿಯ ಬಣ್ಣ ಒಂದೇ. ಊರಿನ ಆಶಾ ಕಾರ್ಯಕರ್ತೆ ಜನರನ್ನು ಕರೆತರುತ್ತಾರೆ, ಆದರೆ ಆ ಕೋಣೆಯೊಳಗೆ ಕೂರುವುದಿಲ್ಲ. ಆಕೆ ಯಾರಿಗೋ ನಾದಿನಿ, ಯಾರಿಗೋ ಸೊಸೆ. ಫಲಿತಾಂಶ ತಿಳಿಯುವ ಹೊರೆಯನ್ನು ಆಕೆಯ ಮೇಲೆ ಹೊರಿಸುವುದೂ ಅನ್ಯಾಯ.

ಗೆರೆ ಮೂಡಿದರೆ "ನಿಮಗೆ ಎಚ್‌ಐವಿ ಇದೆ" ಎಂದು ಅಲ್ಲಿಯೇ ಹೇಳುವಂತಿಲ್ಲ. ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಆಪ್ತಸಮಾಲೋಚನೆ ಮತ್ತು ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಮೂರು ಬೇರೆ ಬೇರೆ ಕಿಟ್ಟುಗಳಿಂದ ಖಚಿತವಾದ ಮೇಲೆಯೇ ಆ ಮಾತು. ಅವರು ಯಾವ ದಿನ, ಯಾವ ಬಸ್ಸಿಗೆ ಬರುತ್ತಾರೆ ಎಂದು ಅಲ್ಲೇ ಗೊತ್ತುಮಾಡಿಕೊಂಡು, ಆ ದಿನ ಐಸಿಟಿಸಿ ಬಾಗಿಲಲ್ಲಿ ನಾನೇ ನಿಂತಿರುತ್ತೇನೆ. ಖಚಿತವಾದರೆ 2017ರಿಂದ ಸಿಡಿ4 (ರಕ್ತದಲ್ಲಿನ ರೋಗನಿರೋಧಕ ಕಣ) ಎಣಿಕೆ ಎಷ್ಟೇ ಇದ್ದರೂ ಎಆರ್‌ಟಿ, ಅಂದರೆ ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆ ಆರಂಭಿಸಬಹುದು, ಮಾತ್ರೆ ಉಚಿತ.

ಬೆಳಗಿನ ಚಹಾಕ್ಕೆ ಮೊದಲೇ ಶಿಬಿರ ಶುರುವಾದರೆ ಎರಡು ಲಾಭ. ಹೊಲಕ್ಕೆ ಹೋಗುವವರು ಸಿಗುತ್ತಾರೆ, ಖಾಲಿ ಹೊಟ್ಟೆಯ ಶುಗರ್ ಸಿಗುತ್ತದೆ. 126 ಅಥವಾ ಹೆಚ್ಚಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತೇವೆ. ಬಿಪಿಯನ್ನು ಐದು ನಿಮಿಷ ಕೂರಿಸಿ, ಎರಡು ಸಲ ನೋಡಬೇಕು. ನಡೆದು ಬಂದವರ ತೋಳಿಗೆ ತಕ್ಷಣ ಪಟ್ಟಿ ಸುತ್ತಿದರೆ ಅಂಕಿ ಸುಳ್ಳು ಹೇಳುತ್ತದೆ.

ಎರಡೂ ತಪಾಸಣೆ ಒಟ್ಟಿಗೆ ಇರಬೇಕೆಂದು ನಾನು ಹಟ ಹಿಡಿಯುವುದಕ್ಕೆ ದೊಡ್ಡ ಕಾರಣ ಮುಂದಿನ ಚಿಕಿತ್ಸೆ. ಇಂದು ಎಚ್‌ಐವಿ ಕೂಡ ದಿನಕ್ಕೊಂದು ಮಾತ್ರೆಯಿಂದ ಹತೋಟಿಯಲ್ಲಿಡುವ ದೀರ್ಘಕಾಲದ ಕಾಯಿಲೆ. ಮಾತ್ರೆ ನುಂಗುವವರಿಗೆ ವಯಸ್ಸಾಗುತ್ತಿದೆ, ಬಿಪಿ, ಶುಗರ್ ಬರುತ್ತಿದೆ. ಎಆರ್‌ಟಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧ ರಕ್ತದಲ್ಲಿ ಮೆಟ್‌ಫಾರ್ಮಿನ್ ಎಂಬ ಶುಗರ್ ಔಷಧದ ಮಟ್ಟವನ್ನು ಏರಿಸುತ್ತದೆ. ಹಾಗಾಗಿ ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ದಿನಕ್ಕೆ 1,000 ಮಿಲಿಗ್ರಾಂ ಮೀರದಂತೆ ನೋಡಿಕೊಳ್ಳುತ್ತಾರೆ. ಶುಗರ್ ನೋಡುವ ವೈದ್ಯರಿಗೆ ಇನ್ನೊಂದು ಮಾತ್ರೆಯ ವಿಷಯ ಗೊತ್ತಿರದಿದ್ದರೆ ಈ ಲೆಕ್ಕ ತಪ್ಪುತ್ತದೆ. ಹೇಳುವುದು, ಬಿಡುವುದು ರೋಗಿಯ ಹಕ್ಕು. ಏಕೆ ಹೇಳಬೇಕೆಂದು ತಿಳಿಸುವುದು ನನ್ನ ಕೆಲಸ. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಸುಮಾರು ಆರು ಪಟ್ಟು ಹೆಚ್ಚು. ಆ ತಪಾಸಣೆಯನ್ನೂ ನಾನು ಬಿಡಲು ಬಿಡುವುದಿಲ್ಲ.

ನಮ್ಮ ಸಾಲಿಗೆ ಕಡಿಮೆ ಬರುವವರು ಹುಡುಗರು. ಸರ್ಕಾರದ ಬಿಪಿ–ಶುಗರ್ ತಪಾಸಣೆ 30 ವರ್ಷ ದಾಟಿದವರಿಗೆ. ಇಪ್ಪತ್ತರ ಆಸುಪಾಸಿನವರಿಗೆ ಅಲ್ಲಿ ಕೆಲಸವೇ ಇಲ್ಲ. 18 ತುಂಬಿದ ಎಲ್ಲರ ಬಿಪಿ, ತೂಕ ನೋಡಲು ನಾವೇ ತೀರ್ಮಾನಿಸಿದೆವು, ಸಂಜೆ ಆಟದ ಮೈದಾನದ ಬಳಿ ಮೇಜು ಹಾಕಿದೆವು. 2013ರಲ್ಲಿ ಆರಂಭವಾದ ಉಗಾಂಡ–ಕೆನ್ಯಾದ ಸರ್ಚ್ ಅಧ್ಯಯನದಲ್ಲಿ 32 ಗ್ರಾಮೀಣ ಸಮುದಾಯಗಳಲ್ಲಿ ಹೀಗೆಯೇ ಹಲವು ಕಾಯಿಲೆಗಳ ಶಿಬಿರ ನಡೆಸಿ, ಬಾರದವರ ಮನೆಗೆ ಹೋಗಿದ್ದರು. ನಾವೂ ಮನೆಗೆ ಹೋಗುತ್ತೇವೆ. ಒಂದೇ ಮನೆಯ ಬಾಗಿಲು ತಟ್ಟಿದರೆ ಓಣಿ ಮಾತಾಡಿಕೊಳ್ಳುತ್ತದೆ. ಅದಕ್ಕೇ ಬಿಪಿ ಯಂತ್ರ ಹಿಡಿದು ಓಣಿಯ ಅಷ್ಟೂ ಮನೆಗಳಿಗೆ ಹೋಗುತ್ತೇವೆ, ಶಿಬಿರಕ್ಕೆ ಬಂದು ಹೋದವರ ಮನೆಗೂ.