ಕಣ್ಣಿಗೆ ಸುಣ್ಣ ಸಿಡಿದರೆ ಮೊದಲು ನೀರು, ಆಮೇಲೆ ಆಸ್ಪತ್ರೆ

ಗಾರೆ ಕೆಲಸದಲ್ಲಿ ಸುಣ್ಣವೋ ಸಿಮೆಂಟೋ ಕಣ್ಣಿಗೆ ಸಿಡಿದರೆ ಜೊತೆಯವರು ಗಾಬರಿಯಿಂದ ಆಟೋ ಹುಡುಕಲು ಓಡುತ್ತಾರೆ. ದಯವಿಟ್ಟು ಮೊದಲು ನೀರಿನತ್ತ ಓಡಿ. ಸುಣ್ಣ, ಸಿಮೆಂಟು, ಕಾಸ್ಟಿಕ್ ಸೋಡಾ ಎಲ್ಲವೂ ಕ್ಷಾರ. ಆಮ್ಲ ಬಿದ್ದಾಗ ಕಣ್ಣಿನ ಮೇಲ್ಪದರ ಹೆಪ್ಪುಗಟ್ಟಿ ಅದನ್ನು ಒಂದಿಷ್ಟು ತಡೆಯುತ್ತದೆ. ಕ್ಷಾರ ಮಾತ್ರ ಪದರಗಳನ್ನು ಕರಗಿಸುತ್ತಾ ಒಳಗೊಳಗೇ ಇಳಿಯುತ್ತದೆ.

ಪೆಟ್ಟಾದ ಕಣ್ಣು ಕೆಳಗೆ ಬರುವಂತೆ ತಲೆಯನ್ನು ವಾಲಿಸಿ; ಕೊಳೆನೀರು ಇನ್ನೊಂದು ಕಣ್ಣಿಗೆ ಹರಿಯಬಾರದು. ಉರಿಗೆ ರೆಪ್ಪೆ ಬಿಗಿದು ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಒಬ್ಬರು ಎರಡು ಬೆರಳಿನಿಂದ ರೆಪ್ಪೆಗಳನ್ನು ಅಗಲಿಸಿ ಹಿಡಿಯಲಿ, ಇನ್ನೊಬ್ಬರು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಮೆಲ್ಲಗೆ ನೀರು ಬಿಡಲಿ. ನಲ್ಲಿ, ಚೊಂಬು, ಕುಡಿಯುವ ನೀರಿನ ಬಾಟಲಿ, ಯಾವುದಾದರೂ ಸರಿ. ಕಣ್ಣುಗುಡ್ಡೆಯನ್ನು ಮೇಲೆ, ಕೆಳಗೆ, ಅಕ್ಕಪಕ್ಕ ತಿರುಗಿಸಲು ಹೇಳಿ. ಸುಣ್ಣದ ಹರಳು ರೆಪ್ಪೆಯ ಮಡಿಕೆಯಲ್ಲಿ ಅಡಗಿ ಕೂತಿರುತ್ತದೆ. ಎರಡು ನಿಮಿಷಕ್ಕೆ ಉರಿ ಇಳಿಯಿತೆಂದು ಬಿಡಬೇಡಿ. ಕನಿಷ್ಠ 20 ನಿಮಿಷ, ಕ್ಷಾರವಾದರೆ 30 ನಿಮಿಷ ತೊಳೆಯಬೇಕು. ಆಸ್ಪತ್ರೆಯ ದಾರಿಯಲ್ಲೂ ಬಾಟಲಿಯಿಂದ ನೀರು ಹಾಕುತ್ತಿರಿ. ನಿಂಬೆರಸ, ಎಣ್ಣೆ, ಎದೆಹಾಲು ಬೇಡವೇ ಬೇಡ.

ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಚೂರು ಕಣ್ಣಿಗೆ ಹಾರಿದರೆ ಉಜ್ಜಬೇಡಿ, ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಅನೇಕ ವರ್ಕ್‌ಶಾಪ್‌ಗಳಲ್ಲಿ ಬೆಂಕಿಕಡ್ಡಿಯಿಂದಲೋ ಬಟ್ಟೆಯ ಚುಂಗಿನಿಂದಲೋ ಚೂರು ತೆಗೆಯುವ ಒಬ್ಬ ‘ಪರಿಣತ’ನಿರುತ್ತಾನೆ. ಅವನ ಮನಸ್ಸು ಒಳ್ಳೆಯದೇ, ಆದರೆ ಗೀರು ಬಿದ್ದ ಕರಿಗುಡ್ಡೆಗೆ ಸೋಂಕು ತಗುಲಿದರೆ ದೃಷ್ಟಿಯೇ ಹೋಗಬಹುದು. ನಾಳೆ ನೋಡೋಣ ಎಂದು ಮುಂದೂಡುವುದೂ ತಪ್ಪು, ಏಕೆಂದರೆ ಕಬ್ಬಿಣ ಕಣ್ಣೊಳಗೆ ಬೇಗನೆ ತುಕ್ಕು ಹಿಡಿಯುತ್ತದೆ.

ವೆಲ್ಡಿಂಗ್ ಬೆಳಕಿನ ಪೆಟ್ಟು ಗೊತ್ತಾಗುವುದು ಹಲವು ಗಂಟೆಗಳ ನಂತರ. ನಡುರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗುತ್ತದೆ. ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನ ಬಟ್ಟೆ ಇಟ್ಟು ಕತ್ತಲಲ್ಲಿ ವಿಶ್ರಾಂತಿ ಪಡೆದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಆಲೂಗಡ್ಡೆ ಹೋಳು ಇಡಬೇಡಿ. ನೋವು ಮರೆಸುವ ಅರಿವಳಿಕೆ ಡ್ರಾಪ್ಸ್ ತಂದು ಮತ್ತೆ ಮತ್ತೆ ಹಾಕಿದರೆ ಗಾಯ ಮಾಯುವುದಿಲ್ಲ.

ಮೊಳೆ, ತಂತಿ ಅಥವಾ ಗಾಜು ಚುಚ್ಚಿಕೊಂಡಿದ್ದರೆ ನಿಯಮವೇ ಬೇರೆ. ಕೀಳಬಾರದು, ತೊಳೆಯಬಾರದು, ಒತ್ತಬಾರದು. ಕಾಗದದ ಲೋಟವನ್ನು ಕಣ್ಣಿನ ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಬೋರಲಿಟ್ಟು ಟೇಪ್ ಅಂಟಿಸಿ, 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಏನೂ ಕೊಡಬೇಡಿ.

ಸುತ್ತಿಗೆಯಿಂದ ಉಳಿ ಬಡಿಯುವಾಗ ಹಾರುವ ಚೂರು ಇನ್ನೂ ಮೋಸದ್ದು. ಕೆಲವೊಮ್ಮೆ ಹೆಚ್ಚು ನೋವಿಲ್ಲದೆ ಕಣ್ಣೊಳಗೆ ಹೊಕ್ಕುಬಿಡುತ್ತದೆ. ದೃಷ್ಟಿ ಮಂಜಾದರೆ, ಕಣ್ಣಿನ ಪಾಪೆ ದುಂಡಗಿರದೆ ಎಳೆದಂತೆ ಕಂಡರೆ ಅನುಮಾನಿಸಿ. ಆಸ್ಪತ್ರೆಯಲ್ಲಿ ಬರೀ ‘ಕಣ್ಣು ನೋವು’ ಎನ್ನದೆ, ಕಬ್ಬಿಣ ಬಡಿಯುತ್ತಿದ್ದೆ ಎಂದು ಬಿಡಿಸಿ ಹೇಳಿ. ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸಿ ಚೂರನ್ನು ಪತ್ತೆಹಚ್ಚುತ್ತಾರೆ. ತಿಳಿಯದೆ ಎಂಆರ್‌ಐ ಮಾಡಿಸಿದರೆ ಆ ಯಂತ್ರದ ಅಯಸ್ಕಾಂತ ಕಣ್ಣೊಳಗಿನ ಕಬ್ಬಿಣವನ್ನು ಅಲುಗಿಸಿಬಿಡಬಹುದು.