ಹಾಲು ಬಿಟ್ಟ ಹಂದಿ ಮರಿಗೆ ಬೆಲ್ಲದ ಆಹಾರ: ಬೆರೆಸುವುದು ಹೇಗೆ?

ತಾಯಿಯಿಂದ ಬಿಡಿಸಿದ ಮೊದಲ ಎರಡು ಮೂರು ದಿನ ಮರಿಗಳು ತೊಟ್ಟಿಗೆ ಮೂತಿ ಹಾಕುತ್ತವೆ, ಮೂಸುತ್ತವೆ, ಹಿಂದೆ ಸರಿಯುತ್ತವೆ. ಹಾಲು ಕುಡಿದ ಬಾಯಿಗೆ ಒಣ ಹಿಟ್ಟು ಹಿಡಿಸುವುದಿಲ್ಲ. ಹೊಟ್ಟೆ ಖಾಲಿ ಇದ್ದರೆ ಕರುಳಿನ ಒಳಪದರ ಸವೆಯುತ್ತದೆ. ಆಮೇಲೆ ಹಸಿವು ತಾಳದೆ ಗಬಗಬ ತಿಂದು ಬೇಧಿ ಶುರುವಾಗುತ್ತದೆ. ಮುಳಬಾಗಿಲು, ಮಾಲೂರು ಕಡೆ ಸಣ್ಣ ಶೆಡ್‌ನಲ್ಲಿ ನಾಲ್ಕಾರು ಹಂದಿ ಸಾಕುವವರು ಎಚ್ಚರವಾಗಿರಬೇಕಾದ ವಾರ ಇದೇ. ಆ ಮೊದಲ ತುತ್ತು ಒಳಗೆ ಹೋಗಲಿ ಅಂತಲೇ ಸಿಹಿ.

ಮೊದಲು ಯಾವ ಸಿಹಿ ಅಂತ ನೋಡೋಣ. ಬೆಲ್ಲ, ಸಕ್ಕರೆ, ಕಾಕಂಬಿ ಮೂರೂ ಹಂದಿಗೆ ಇಷ್ಟ. ಕಂಪನಿ ಫೀಡ್‌ನಲ್ಲಿ ಸ್ಯಾಕರಿನ್ ಎಂಬ ಕೃತಕ ಸಿಹಿ ಇರುವುದುಂಟು. ಅದರ ಅಳತೆ ಮಿಲಿಗ್ರಾಂ ಲೆಕ್ಕದ್ದು. ಇಷ್ಟು ಸಣ್ಣ ಅಳತೆಯನ್ನು ಮನೆಯಲ್ಲಿ ಬೆರೆಸಲು ಹೋಗಬೇಡಿ. ನಮಗೆ ಸಿಹಿ ಎನಿಸುವ ಇನ್ನೊಂದು ಕೃತಕ ಸಿಹಿ ಆಸ್ಪರ್ಟೇಮ್ ಹಂದಿಯ ನಾಲಿಗೆಗೆ ಸಿಹಿಯೇ ಅಲ್ಲ, ಸುಮ್ನೆ ದುಡ್ಡು ದಂಡ.

ಈಗ ಬೆರೆಸುವ ಕೆಲಸ. 10 ಕಿಲೋ ಆಹಾರಕ್ಕೆ 200ರಿಂದ 300 ಗ್ರಾಂ ಬೆಲ್ಲ ಸಾಕು. ಜಾಸ್ತಿಯಾದರೆ ಸಗಣಿ ತೆಳ್ಳಗಾಗುತ್ತದೆ. ಬೆಲ್ಲ ಕುಟ್ಟಿ ಅರ್ಧ ಲೀಟರ್ ಬಿಸಿನೀರಲ್ಲಿ ಕರಗಿಸಿ, ಸೋಸಿ, ಆರಲು ಬಿಡಿ. ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ಒಂದು ಕಿಲೋ ಗೋಧಿ ಬೂಸಾಕ್ಕೆ ಚಿಮುಕಿಸಿ ಎರಡೂ ಅಂಗೈಯಿಂದ ಉಜ್ಜಿ. ಬಳಿಕ ಅದನ್ನು ಉಳಿದ ಮುಸುಕಿನ ಜೋಳದ ನುಚ್ಚು, ಸೋಯಾ ಹಿಂಡಿ, ಖನಿಜ ಮಿಶ್ರಣಕ್ಕೆ ಸೇರಿಸಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಪುಡಿ ಉದುರಬೇಕು, ಅಂಟಬಾರದು. ಅವತ್ತಿಗೆ ಬೇಕಾದಷ್ಟೇ ಕಲಸಿ, ಇಲ್ಲದಿದ್ದರೆ ಇರುವೆ, ಬೂಷ್ಟು.

ಈ ರುಚಿಯನ್ನು ಹಾಲು ಬಿಡಿಸುವ ಮೊದಲೇ ತೋರಿಸಿ. ಮರಿಗೆ ಎರಡು ವಾರ ತುಂಬಿದ ಮೇಲೆ, ತಾಯಿ ಬಾಯಿ ಹಾಕದ ಮೂಲೆಯಲ್ಲಿ ಒಂದು ಹಿಡಿ ಇಡಿ. ಅದಕ್ಕಿಂತ ಎಳೆಯದಕ್ಕೆ ಬೆಲ್ಲದ ನೀರು ಕುಡಿಸಲೇಬೇಡಿ. ಹುಟ್ಟಿದ ಮರಿಯ ಕರುಳು ಹಾಲಿನ ಸಕ್ಕರೆ ಜೀರ್ಣಿಸುತ್ತದೆ, ಕಬ್ಬಿನ ಸಕ್ಕರೆ ಅಲ್ಲ. ಬೇಧಿ ಹಿಡಿಯುತ್ತದೆ.

ಬಿಡಿಸಿದ ಮೇಲೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಹಾಕಿ. ಪಕ್ಕದಲ್ಲಿ ಶುದ್ಧ ನೀರು ಸದಾ ಇರಲಿ. ನೀರಿಲ್ಲದಿದ್ದರೆ ಎಷ್ಟು ಸಿಹಿ ಹಾಕಿದರೂ ಮರಿ ತಿನ್ನದು. ಎರಡು ವಾರದಲ್ಲಿ ಚೆನ್ನಾಗಿ ತಿನ್ನತೊಡಗಿದರೆ ಬೆಲ್ಲ ಅರ್ಧಕ್ಕಿಳಿಸಿ, ಮುಂದಿನ ವಾರ ನಿಲ್ಲಿಸಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೂಷ್ಟು ಹಿಡಿದ ಜೋಳವನ್ನು ಬೆಲ್ಲ ಹಾಕಿ ತಿನ್ನಿಸಬೇಡಿ. ವಾಸನೆಗೆ ಬಿಡುತ್ತಿದ್ದ ಮರಿ ಸಿಹಿಯ ಆಸೆಗೆ ವಿಷವನ್ನೂ ತಿನ್ನುತ್ತದೆ. ಬೇಧಿ ಕಂಡರೆ ಬೆಲ್ಲ ನಿಲ್ಲಿಸಿ, ಪಶುವೈದ್ಯರನ್ನು ಅವತ್ತೇ ಕರೆಸಿ. ಆಹಾರದ ಪ್ರಮಾಣ ಕೇಳಲು ಕೋಲಾರದವರಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರ ಇದೆ.