ಒಂದು ಪೈಸೆಯ ವ್ಯತ್ಯಾಸ: ಕೋಡ್ ರಿವ್ಯೂ ಮಾಡಲು ಕಲಿತ ನನ್ನ ಅನುಭವ

ಹಳ್ಳಿಯ ಡೈರಿಯೊಂದರ ಕಾರ್ಯದರ್ಶಿಯವರು ನನ್ನ ಮೇಜಿನ ಮೇಲೆ ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿ ಇಟ್ಟರು. ಒಂದು ಅವರೇ ಕೈಯಾರೆ ಬರೆದ ಲೆಜ್ಜರಿನ ಪುಟದ ಜೆರಾಕ್ಸ್ ಪ್ರತಿ, ಇನ್ನೊಂದು ನಮ್ಮ ತಂಡದ ಸಾಫ್ಟ್‌ವೇರ್ ಮುದ್ರಿಸಿದ ರಸೀದಿ. ಸಂಜೆ ಹಾಕಿದ ಹಾಲು 4.5 ಲೀಟರ್, ದರ ಲೀಟರಿಗೆ 34.25 ರೂಪಾಯಿ. ಅವರ ಪುಟದಲ್ಲಿ ಮೊತ್ತ 154.13, ನಮ್ಮ ರಸೀದಿಯಲ್ಲಿ 154.12. ಕ್ಯಾಲ್ಕುಲೇಟರಿನಲ್ಲಿ ಗುಣಿಸಿದರೆ 154.125 ಬರುತ್ತದೆ, ಅರ್ಧ ಪೈಸೆ ಬಂದರೆ ಮೇಲಕ್ಕೆ ಹಿಡಿಯುವುದು ಅವರ ಸಂಘದಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಹಾಲು ಹಾಕುವವರಿಗೆ ಇದರಿಂದ ಆಗುವ ನಷ್ಟ ತಿಂಗಳಿಗೆ ಕೆಲವು ಪೈಸೆಗಳಷ್ಟೇ ಎಂದು ಅವರಿಗೂ ಗೊತ್ತಿತ್ತು. ಆದರೆ ಯಂತ್ರದ ಲೆಕ್ಕ ಮತ್ತು ಪುಸ್ತಕದ ಲೆಕ್ಕ ತಾಳೆಯಾಗದಿದ್ದರೆ ಜನ ಯಂತ್ರವನ್ನಲ್ಲ, ಲೆಕ್ಕ ಬರೆಯುವ ಕಾರ್ಯದರ್ಶಿಯನ್ನೇ ಅನುಮಾನಿಸುತ್ತಾರೆ ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿದೆ. ಆ ತಪ್ಪಿದ್ದ ಕೋಡನ್ನು ಬರೆದವರು ಬೇರೆಯವರಾಗಿದ್ದರೂ ಬಳಕೆಗೆ ಹೋಗುವ ಮೊದಲು ಅದನ್ನು ಓದಿ ನೋಡಿ, ಅಂದರೆ ರಿವ್ಯೂ ಮಾಡಿ, ಒಪ್ಪಿಗೆ ಕೊಟ್ಟವನು ನಾನು.

ಅಂದು ಸಂಜೆಯೇ ಆ ಬದಲಾವಣೆಯನ್ನು ಹುಡುಕಿ ತೆಗೆದೆ. ಸುಮಾರು 900 ಸಾಲುಗಳ ಪುಲ್ ರಿಕ್ವೆಸ್ಟ್ ಅದು, ಅಂದರೆ ಕೋಡಿನಲ್ಲಿ ಮಾಡಿದ ಬದಲಾವಣೆಗಳನ್ನು ಸೇರಿಸಿಕೊಳ್ಳಿ ಎಂದು ತಂಡದ ಮುಂದಿಡುವ ಕೋರಿಕೆ. ವರದಿಗಳ ಪುಟವನ್ನು ಹೊಸದಾಗಿ ಬರೆಯುವುದು ಅದರ ಉದ್ದೇಶವಾಗಿತ್ತು. ದಾರಿಯಲ್ಲಿ ಸಿಕ್ಕ ಹಳೆಯ ಫಂಕ್ಷನ್‌ಗಳನ್ನೂ, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ಕೋಡಿನ ತುಣುಕುಗಳನ್ನೂ, ನಮ್ಮ ಸಹೋದ್ಯೋಗಿ ಚೊಕ್ಕಟಗೊಳಿಸಿದ್ದರು. ಅಂಥವುಗಳಲ್ಲಿ ಒಂದು, ಮೊತ್ತವನ್ನು ಪೈಸೆಗೆ ಸರಿಹೊಂದಿಸುವ ನಾಲ್ಕು ಸಾಲಿನ ಫಂಕ್ಷನ್. ಅದನ್ನು ತೆಗೆದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇರುವ ರೌಂಡ್ ಫಂಕ್ಷನ್ ಬಳಸಲಾಗಿತ್ತು. ನೋಡಲು ಸರಳ, ಓದಲು ಹಿತ. ಆದರೆ ಪೈಥಾನ್ 3ರಲ್ಲಿ ಆ ಫಂಕ್ಷನ್ ಅರ್ಧವನ್ನು ಯಾವಾಗಲೂ ಮೇಲಕ್ಕೆ ಹಿಡಿಯುವುದಿಲ್ಲ, ಹತ್ತಿರದ ಸಮ ಅಂಕಿಯ ಕಡೆಗೆ ಹಿಡಿಯುತ್ತದೆ, 2.5 ಅನ್ನು ಕೊಟ್ಟರೆ 3 ಅಲ್ಲ, 2 ಬರುತ್ತದೆ. ಬಹಳಷ್ಟು ಮೊತ್ತಗಳನ್ನು ಕೂಡುವಾಗ ವಾಲಿಕೆ ಒಂದೇ ಕಡೆಗೆ ಆಗಬಾರದು ಎಂಬ ಕಾರಣಕ್ಕೆ ಮಾಡಿದ ನಿಯಮ ಅದು, ಲೆಕ್ಕಶಾಸ್ತ್ರದ ದೃಷ್ಟಿಯಿಂದ ತಪ್ಪೇನೂ ಅಲ್ಲ. ಆದರೆ ಆ ಡೈರಿಯ ನಿಯಮ ಅದಾಗಿರಲಿಲ್ಲ.

ಕೋಡ್ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು. 5 ಲೀಟರ್, 34 ರೂಪಾಯಿ, ಮೊತ್ತ 170 ಎಂದು ಅದರಲ್ಲಿ ಬರೆದಿತ್ತು. ಅಂಥ ಅಂಕಿಗಳನ್ನು ಯಾವ ಸರಿಹೊಂದಿಕೆಯ ನಿಯಮಕ್ಕೆ ಕೊಟ್ಟರೂ ಉತ್ತರ ಒಂದೇ. ಟೆಸ್ಟ್‌ಗಳೆಲ್ಲ ಹಸಿರಾಗಿವೆ, ಅಂದರೆ ಪಾಸಾಗಿವೆ, ಎಂಬುದನ್ನು ನೋಡಿ ನಾನು ಧೈರ್ಯ ತಂದುಕೊಂಡಿದ್ದೆ. ಆ ಟೆಸ್ಟ್‌ಗಳನ್ನು ಓದಿರಲಿಲ್ಲ. 900 ಸಾಲಿಗೆ ನಾನು ಕೊಟ್ಟ ಸಮಯ ಇಪ್ಪತ್ತು ನಿಮಿಷ. ಬರೆದ ಟಿಪ್ಪಣಿಗಳು ಮೂರು, ಮೂರೂ ವೇರಿಯಬಲ್‌ಗಳ ಹೆಸರಿನ ಕುರಿತಾದವು.

ಆಮೇಲೆ ನಾನು ರಿವ್ಯೂ ಮಾಡುವ ಕ್ರಮವನ್ನೇ ಬದಲಿಸಿಕೊಂಡೆ. ಮೊದಲು ಬದಲಾದದ್ದು ಗಾತ್ರ. ಒಂದು ಪುಲ್ ರಿಕ್ವೆಸ್ಟ್ 200 ಸಾಲು ದಾಟಿದರೆ ಅದನ್ನು ಒಡೆದು ತನ್ನಿ ಎಂದು ಕೇಳುವುದು ನಮ್ಮ ತಂಡದ ಪದ್ಧತಿಯಾಯಿತು. ಅದಕ್ಕಿಂತ ಮುಖ್ಯವಾಗಿ, ಹೊಸ ಕೆಲಸ ಮತ್ತು ಹಳೆಯದನ್ನು ಚೊಕ್ಕಟಗೊಳಿಸುವ ಕೆಲಸ ಒಂದೇ ಪುಲ್ ರಿಕ್ವೆಸ್ಟಿನಲ್ಲಿ ಬರಬಾರದು ಎಂದು ನಿರ್ಧರಿಸಿದೆವು. ಚೊಕ್ಕಟಗೊಳಿಸುವ ಕೆಲಸದಲ್ಲಿ ನಡವಳಿಕೆ ಬದಲಾಗುವುದಿಲ್ಲ ಎಂಬುದು ಬರೆದವರ ಮಾತು. ಅದು ನಿಜವೇ ಎಂದು ನೋಡುವುದೊಂದೇ ಅಲ್ಲಿ ಓದುವವರ ಕೆಲಸ. ಎರಡನ್ನೂ ಬೆರೆಸಿದರೆ ಆ ಪ್ರಶ್ನೆ ಮನಸ್ಸಿನಲ್ಲಿ ಹುಟ್ಟುವುದೇ ಇಲ್ಲ, ನನ್ನ ವಿಷಯದಲ್ಲಿ ಹುಟ್ಟದೇ ಹೋದಂತೆ.

ಎರಡನೆಯದಾಗಿ, ಕೋಡಿಗಿಂತ ಮೊದಲು ಟೆಸ್ಟ್ ಓದಲು ಆರಂಭಿಸಿದೆ. ಟೆಸ್ಟಿನಲ್ಲಿರುವ ಅಂಕಿಗಳನ್ನು ಒಂದೊಂದಾಗಿ ನೋಡಿ, ಈ ಅಂಕಿ ಇಲ್ಲಿ ಏಕಿದೆ, ಇದು ತಪ್ಪಾಗಬಹುದಾದ ಯಾವ ಸಂಗತಿಯನ್ನು ಹಿಡಿಯುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಆ ಬ್ರಾಂಚನ್ನು, ಅಂದರೆ ಬದಲಾವಣೆಗಳಿರುವ ಕೋಡಿನ ಪ್ರತಿಯನ್ನು, ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಮುಖ್ಯವಾದ ಒಂದು ಸಾಲನ್ನು ಬೇಕೆಂದೇ ಕೆಡಿಸಿ, ಟೆಸ್ಟ್‌ಗಳನ್ನು ಮತ್ತೆ ಓಡಿಸುತ್ತೇನೆ. ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆ ಮಾಡಿದರೂ ಟೆಸ್ಟ್ ಹಸಿರಾಗಿಯೇ ಉಳಿದರೆ, ಆ ಟೆಸ್ಟ್ ಏನನ್ನೂ ಕಾಯುತ್ತಿಲ್ಲ ಎಂದು ಅರ್ಥ. ಇದಕ್ಕೆ ಹಿಡಿಯುವ ಸಮಯ ಐದು ನಿಮಿಷ. ನಾನು ರೂಢಿಸಿಕೊಂಡ ಅಭ್ಯಾಸಗಳಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ಆದರೆ ಟೆಸ್ಟಿಗೆ ಒಳ್ಳೆಯ ಅಂಕಿಗಳು ಎಲ್ಲಿಂದ ಬರಬೇಕು? ಅದಕ್ಕಾಗಿ ನಾವು ಆ ಕಾರ್ಯದರ್ಶಿಯವರ ಬಳಿಗೇ ಹೋದೆವು. ಅವರ ಲೆಜ್ಜರಿನ ಹತ್ತು ದಿನಗಳ ಪುಟಗಳನ್ನು, ಅಂದರೆ ಒಬ್ಬ ಸದಸ್ಯರಿಗೆ ಬೆಳಿಗ್ಗೆ ಮತ್ತು ಸಂಜೆ ಸೇರಿ 20 ನಮೂದುಗಳನ್ನು, ಲೀಟರ್, ಜಿಡ್ಡಿನಂಶ, ಎಸ್‌ಎನ್‌ಎಫ್ ಅಂದರೆ ಜಿಡ್ಡಲ್ಲದ ಘನಾಂಶ, ದರ, ಮೊತ್ತ ಎಂಬ ಅದೇ ಕಾಲಂಗಳ ಕ್ರಮದಲ್ಲಿ ಒಂದು ಕೋಷ್ಟಕವಾಗಿ ಇಳಿಸಿಕೊಂಡು, ಹೆಸರುಗಳನ್ನು ಅಳಿಸಿ, ಟೆಸ್ಟಿನೊಳಗೆ ಸೇರಿಸಿದೆವು. ಇದನ್ನು ಮಾಡುವಾಗಲೇ ಇನ್ನೊಂದು ಸಂಗತಿ ಹೊರಬಿತ್ತು: ಅವರು ಪ್ರತಿ ನಮೂದನ್ನೂ ಪೈಸೆಗೆ ಸರಿಹೊಂದಿಸಿ ಆಮೇಲೆ ಕೂಡುತ್ತಿದ್ದರು, ನಮ್ಮ ವರದಿ ಮಾತ್ರ ಕೂಡಿದ ಮೇಲೆ ಒಮ್ಮೆ ಸರಿಹೊಂದಿಸುತ್ತಿತ್ತು. ಎರಡೂ ಗಣಿತವೇ, ಆದರೆ ಬಟವಾಡೆಯ ದಿನ ಎರಡೂ ಬೇರೆ ಬೇರೆ ಮೊತ್ತ ಕೊಡುತ್ತವೆ. ಯಾವುದು ಸರಿ ಎಂದು ನಿರ್ಧರಿಸುವ ಅಧಿಕಾರ ನಮ್ಮದಲ್ಲ. ನಿಯಮವನ್ನು ಕನ್ನಡದಲ್ಲಿ ಎರಡು ವಾಕ್ಯಗಳಾಗಿ ಬರೆದು, ಅವರಿಗೆ ಓದಿ ಹೇಳಿ, ಅವರು ಹೌದೆಂದ ಮೇಲೆ ಅದೇ ಎರಡು ವಾಕ್ಯಗಳನ್ನು ಫಂಕ್ಷನ್ನಿನ ತಲೆಯ ಮೇಲೆ ಕಾಮೆಂಟಾಗಿ, ಅಂದರೆ ಕೋಡ್ ಓದುವವರಿಗೆಂದು ಬರೆಯುವ ಟಿಪ್ಪಣಿಯಾಗಿ, ಹಾಕಿದೆವು. ಇಂದು ಆ ಫಂಕ್ಷನ್ ಅನ್ನು ಮುಟ್ಟುವವರು ಅದನ್ನು ಓದದೆ ಮುಂದೆ ಹೋಗಲಾರರು.

ಹಣವನ್ನು ರೂಪಾಯಿಯ ದಶಮಾಂಶವಾಗಿ ಇಡದೆ ಪೈಸೆಯ ಪೂರ್ಣಾಂಕವಾಗಿ ಇಡುವ ನಿರ್ಧಾರವೂ ಆಗಲೇ ಆಯಿತು. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ 0.1 ಎಂಬ ಸಂಖ್ಯೆಯನ್ನು ನಿಖರವಾಗಿ ಬರೆಯಲು ಬರುವುದಿಲ್ಲ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುವುದನ್ನು ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ತೋರಿಸುತ್ತೇನೆ. ಅದರ ಜೊತೆಗೆ 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ನಡೆದದ್ದನ್ನೂ ಹೇಳುತ್ತೇನೆ. ಅಲ್ಲಿದ್ದ, ಶತ್ರು ಕ್ಷಿಪಣಿಗಳನ್ನು ತಡೆಯುವ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು; 24 ಬಿಟ್‌ಗಳಿಗೆ ಕತ್ತರಿಸಿದ 0.1ರ ಕಿರಿದಾದ ತಪ್ಪು ಸುಮಾರು 100 ಗಂಟೆ ಬಿಡುವಿಲ್ಲದೆ ಓಡಿದ ಮೇಲೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಯಿತು, ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಅದು ತಪ್ಪಾದ ಜಾಗದಲ್ಲಿ ಹುಡುಕಿತು, 28 ಸೈನಿಕರು ಸತ್ತರು. ಹಾಲಿನ ಲೆಕ್ಕದಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ ಎಂಬುದು ನಿಜ, ಆದರೆ ತಪ್ಪು ಬೆಳೆಯುವ ರೀತಿ ಒಂದೇ.

ಎಲ್ಲವೂ ರಿವ್ಯೂನಲ್ಲಿ ಸಿಕ್ಕಿಬೀಳುತ್ತದೆ ಎಂದು ನಾನು ಹೇಳಲಾರೆ. ಒಬ್ಬರೇ ಸದಸ್ಯರು ಪಟ್ಟಿಯಲ್ಲಿ ಎರಡು ಬಾರಿ ಕಾಣಿಸಿಕೊಂಡದ್ದನ್ನು ಹಿಡಿದವರು ನಮ್ಮ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ. ಗೋಪಾಲಯ್ಯ ಎಂದು ಹುಡುಕಿದರೆ ಒಂದು ದಾಖಲೆ ಸಿಗುತ್ತಿತ್ತು, ಪರದೆಯ ಮೇಲೆ ಮಾತ್ರ ಅಕ್ಷರಶಃ ಒಂದೇ ರೀತಿಯ ಎರಡು ಹೆಸರುಗಳಿದ್ದವು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಗೋ’ ಎಂಬುದನ್ನು ಗಕಾರಕ್ಕೆ ಓತ್ವದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು. ಎತ್ವ, ಊತ್ವ ಮತ್ತು ದೀರ್ಘದ ಚಿಹ್ನೆ ಎಂಬ ಮೂರು ತುಂಡುಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯೂನಿಕೋಡ್ ನಿಯಮದ ಪ್ರಕಾರವೂ ಸಮಾನ, ಆದರೆ ಅಕ್ಷರಸರಣಿಗಳನ್ನು ನೇರವಾಗಿ ಹೋಲಿಸುವ ಕೋಡಿಗೆ ಬೇರೆ ಬೇರೆ. ಹಳೆಯ ಕಡತಗಳಿಂದ ಪರಿವರ್ತಿಸಿ ತಂದ ಹೆಸರುಗಳು ತುಂಡುಗಳಲ್ಲಿದ್ದವು, ಕೀಲಿಮಣೆಯಿಂದ ಬಂದವು ಇಡಿಯಾಗಿದ್ದವು. ಉಳಿಸುವ ಮೊದಲೇ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ರೂಪಕ್ಕೆ ತಂದುಕೊಂಡರೆ ತೊಂದರೆ ತೀರುತ್ತದೆ. ಇದೇ ಬಗೆಯ ಇನ್ನೊಂದು ತಪ್ಪು ರಸೀದಿಯಲ್ಲಿತ್ತು. ಹೆಸರಿಗೆ 24 ಬೈಟ್ ಜಾಗ ಸಾಕು ಎಂದು ಯಾರೋ ಬರೆದಿದ್ದರು. ವೆಂಕಟೇಶಪ್ಪ ಎಂಬುದು ಕಣ್ಣಿಗೆ ಐದು ಅಕ್ಷರ, ಯೂನಿಕೋಡ್‌ನಲ್ಲಿ 10 ಸಂಕೇತ, ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಒಂದಕ್ಕೆ ಮೂರರಂತೆ 30 ಬೈಟ್. 24ಕ್ಕೆ ಕತ್ತರಿಸಿದಾಗ ಉಳಿಯುವುದು ‘ವೆಂಕಟೇಶಪ’. ದೋಷದ ಸೂಚನೆಯಿಲ್ಲ, ಒಡೆದ ಅಕ್ಷರವಿಲ್ಲ. ಒಬ್ಬ ಮನುಷ್ಯರ ಹೆಸರು ಮಾತ್ರ ಕೆಟ್ಟಿತ್ತು. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿದರೆ ಇವೆರಡೂ ಎಂದಿಗೂ ಕಾಣುವುದಿಲ್ಲ ಎಂಬುದು ನನಗೆ ಇಂದಿಗೂ ಬೇಸರ ತರುವ ಸಂಗತಿ, ಏಕೆಂದರೆ ಕನ್ನಡ ಬಲ್ಲವರೇ ಕನ್ನಡಿಗರಿಗಾಗಿ ಬರೆದ ಸಾಫ್ಟ್‌ವೇರ್ ಇದು.

ಹಣದ ಲೆಕ್ಕ ಮತ್ತು ಡೇಟಾಬೇಸಿನ ರಚನೆ ಬದಲಾಗುವಂಥ ಸಂದರ್ಭಗಳಿಗೆ ಒಂದು ಹಳೆಯ ಪದ್ಧತಿಯನ್ನು ಎರವಲು ತಂದೆವು. ಐಬಿಎಂನಲ್ಲಿದ್ದ ಮೈಕೆಲ್ ಫೇಗನ್ ಎಂಬ ಎಂಜಿನಿಯರ್ 1976ರಲ್ಲಿ ಪ್ರಕಟಿಸಿದ ಪರಿಶೀಲನಾ ಕ್ರಮದಲ್ಲಿ, ಸಭೆಯಲ್ಲಿ ಕೋಡನ್ನು ಅದನ್ನು ಬರೆದವರು ವಿವರಿಸುವುದಿಲ್ಲ, ಬೇರೊಬ್ಬರು ಸಾಲುಸಾಲಾಗಿ ಓದಿ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಬರೆದವರಿಗೆ ತಾವು ಏನು ಬರೆಯಬೇಕೆಂದುಕೊಂಡಿದ್ದರೋ ಅದೇ ಕಾಣುತ್ತದೆ, ಬೇರೆಯವರಿಗೆ ಕಾಗದದ ಮೇಲಿರುವುದು ಕಾಣುತ್ತದೆ. ನಮ್ಮಲ್ಲಿ ಇದು ವಾರಕ್ಕೊಮ್ಮೆ ಒಂದು ಗಂಟೆ, ಮೂವರು, ಕನ್ನಡದಲ್ಲಿ. ‘ಇಲ್ಲಿ ದರ ಖಾಲಿ ಇದ್ದರೆ ಸೊನ್ನೆ ಎಂದು ಹಿಡಿಯುತ್ತದೆ’ ಎಂದು ಓದುತ್ತಿದ್ದವರು ಹೇಳಿದಾಗ ಬರೆದವರೇ ಬೆಚ್ಚಿದ್ದನ್ನು ನಾನು ನೋಡಿದ್ದೇನೆ, ಏಕೆಂದರೆ ದರಪಟ್ಟಿ ಬರುವುದು ತಡವಾದ ದಿನ ಇಡೀ ಊರಿನ ಹಾಲಿಗೆ ಸೊನ್ನೆ ರೂಪಾಯಿ ಬೀಳುತ್ತಿತ್ತು. ಎಲ್ಲ ಬದಲಾವಣೆಗಳಿಗೂ ಈ ಕ್ರಮ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ.

ಅಂತರ, ಆವರಣ, ಸಾಲಿನ ಉದ್ದ ಮುಂತಾದವುಗಳ ಬಗ್ಗೆ ಈಗ ಯಾರೂ ಟಿಪ್ಪಣಿ ಬರೆಯುವುದಿಲ್ಲ. ಅದನ್ನು ಯಂತ್ರ ನೋಡಿಕೊಳ್ಳುತ್ತದೆ.

ಟಿಪ್ಪಣಿಯ ಭಾಷೆಯ ಬಗ್ಗೆ ಮಾತ್ರ ಹೇಳಲೇಬೇಕು. ‘ಇದು ತಪ್ಪು’ ಎಂದು ಬರೆಯುತ್ತಿದ್ದ ನಾನು, ‘ಸಂಜೆಯ ನಮೂದು ಮರುದಿನ ಬೆಳಿಗ್ಗೆ ಬಂದರೆ ಇಲ್ಲಿ ಏನಾಗುತ್ತದೆ?’ ಎಂದು ಕೇಳಲು ಆರಂಭಿಸಿದ ಮೇಲೆ ಹೊಸಬರು ತಮ್ಮ ಅನುಮಾನಗಳನ್ನು ತಾವೇ ಹೇಳತೊಡಗಿದರು. ಅರ್ಧ ಬರೆದ ಕೋಡನ್ನು ಮೊದಲ ದಿನವೇ ತೋರಿಸಿ ದಾರಿ ಸರಿಯೇ ಎಂದು ಕೇಳುವ ಧೈರ್ಯ ಅವರಿಗೆ ಬಂತು. ಆ ಹಂತದಲ್ಲಿ ತಿದ್ದಲು ಹತ್ತು ನಿಮಿಷ ಸಾಕಾಗುವುದು, ಮುಗಿದ ಮೇಲೆ ತಿದ್ದಲು ಮೂರು ದಿನ ಬೇಡುತ್ತದೆ.

ಕಳೆದ ವಾರ ನಾನು ಬರೆದ ಕೋಡನ್ನು ತಂಡಕ್ಕೆ ಆರು ತಿಂಗಳ ಹಿಂದೆ ಸೇರಿದ ಯುವತಿಯೊಬ್ಬರು ಓದಿದರು. ಹಾಲಿನ ಪ್ರಮಾಣವನ್ನು ಮೊಬೈಲಿನಲ್ಲಿ ನಮೂದಿಸುವ ಭಾಗ ಅದು. ಅವರು ಒಂದೇ ಟಿಪ್ಪಣಿ ಬರೆದಿದ್ದರು: ಕಾರ್ಯದರ್ಶಿಯವರು ಕನ್ನಡ ಅಂಕಿಯಲ್ಲಿ ೧೦ ಎಂದು ಹಾಕಲು ಹೋಗಿ, ಸೊನ್ನೆಯ ಬದಲು ಅದರಂತೆಯೇ ಕಾಣುವ ಅನುಸ್ವಾರವನ್ನು ಒತ್ತಿದರೆ ಈ ಪರದೆ ಏನು ಹೇಳುತ್ತದೆ? ಓಡಿಸಿ ನೋಡಿದೆ. ಪರದೆ ಏನನ್ನೂ ಹೇಳಲಿಲ್ಲ, ಅಂಕಿಯಲ್ಲದ್ದನ್ನು ಸದ್ದಿಲ್ಲದೆ ತೆಗೆದುಹಾಕಿ 10 ಲೀಟರನ್ನು 1 ಲೀಟರ್ ಮಾಡಿತು. ಅವರು ಒಪ್ಪಿಗೆಯನ್ನು ತಡೆಹಿಡಿದಿದ್ದಾರೆ. ಅನುಸ್ವಾರವನ್ನು ಸೊನ್ನೆ ಎಂದು ಹಿಡಿಯಬೇಕೋ, ನಮೂದನ್ನೇ ತಿರಸ್ಕರಿಸಿ ಮತ್ತೆ ಕೇಳಬೇಕೋ ಎಂದು ಸೋಮವಾರ ಬೆಳಗಿನ ಹಾಲು ಮುಗಿದ ಮೇಲೆ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಕೇಳಲಿದ್ದೇವೆ. ಅಲ್ಲಿಯವರೆಗೆ ನನ್ನ ಪುಲ್ ರಿಕ್ವೆಸ್ಟ್ ಹಾಗೆಯೇ ಇರುತ್ತದೆ.